ಚಿಕ್ಕಮಗಳೂರು, ಹಾಸನ ಕಡೆಯ ಲ್ಯಾಬ್‌ಗಳಿಗೆ ಒಂದು ನಿಕ್ಸ್‌ಓಎಸ್ ಮಾಡ್ಯೂಲ್ ರೆಪೊ: ಒಳಗೆ ಏನಿರಬೇಕು, ಏನು ಬೇಡ?

ಅಯ್ಯನಕೆರೆ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಸರ್ವಿಸ್ ಕೆಲಸ ಮಾಡುತ್ತೇನೆ. ಕೆಲವು ಶಾಲೆಗಳ ಲ್ಯಾಬ್, ಒಂದು ಸಹಕಾರ ಸಂಘದ ಕಚೇರಿ, ಆಲ್ದೂರು ಕಡೆಯ ಎಸ್ಟೇಟ್ ಆಫೀಸುಗಳು ನನ್ನ ಕೈಯಲ್ಲಿವೆ. ಜಾಸ್ತಿ ಪಾಲು ಹಳೆಯ ಮೆಷಿನ್‌ಗಳು, 4 ಜಿಬಿ ರ್ಯಾಮ್. ಎಲ್ಲದಕ್ಕೂ ನಿಕ್ಸ್‌ಓಎಸ್ ಅನ್ನೋ ಲಿನಕ್ಸ್ ಹಾಕಿದ್ದೇನೆ. ಇಡೀ ಸಿಸ್ಟಂ ಹೇಗಿರಬೇಕು ಅಂತ ಫೈಲಿನಲ್ಲಿ ಬರೆದಿಡಬಹುದು. ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಬೂಟ್ ಮೆನುವಿನಲ್ಲಿ ಹಿಂದಿನ ಜನರೇಶನ್, ಅಂದರೆ ಬದಲಾವಣೆಗೆ ಮೊದಲಿನ ಸಿಸ್ಟಂ, ಆರಿಸಿಕೊಂಡರೆ ಸಾಕು. ಅದನ್ನು ಮೇಷ್ಟ್ರಿಗೆ ಫೋನಿನಲ್ಲೇ ಹೇಳಿಕೊಡಬಹುದು. ಮಳೆಗಾಲದಲ್ಲಿ ಕೊಪ್ಪಕ್ಕೋ ಶೃಂಗೇರಿಗೋ ಹೋಗಿಬರುವ ಒಂದು ದಿನ ಉಳಿಯುತ್ತದೆ.

ಇದು ಚೆನ್ನಾಗಿದೆ ಅಂತ ನಾಲ್ಕು ಜನಕ್ಕೆ ಗೊತ್ತಾಯಿತು. ಕಡೂರು, ಬೇಲೂರು, ಸಕಲೇಶಪುರದ ಗೆಳೆಯರು ನನ್ನ ಕಾನ್ಫಿಗರೇಶನ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರು. ಅವರವರ ಲ್ಯಾಬಿಗೆ ಬೇಕಾದ ಹಾಗೆ ತಿದ್ದಿಕೊಂಡರು. ಈಗ ಒಂದೊಂದು ಊರಲ್ಲಿ ಒಂದೊಂದು ಥರ ಇದೆ. ಕಡೂರಿನವರು ಕನ್ನಡ ಟೈಪಿಂಗ್ ಭಾಗವನ್ನು ನನಗಿಂತ ಎಷ್ಟೋ ಚೆನ್ನಾಗಿ ಮಾಡಿದ್ದಾರೆ. ಲಾಗಿನ್ ಪರದೆಯಲ್ಲೇ ಕಗಪ ಕೀಲಿಮಣೆಗೆ ಬದಲಾಯಿಸಬಹುದು. ಸಕಲೇಶಪುರದವರ ಲ್ಯಾಬಿನಲ್ಲಿ ಕರೆಂಟ್ ಹೋದರೆ ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲೇ ಎಲ್ಲ ಮೆಷಿನ್‌ಗಳು ತಾವೇ ಸರಿಯಾಗಿ ಆಫ್ ಆಗುತ್ತವೆ. ಬೇಲೂರಿನ ಶಾಲೆಗೂ ಅದು ಬೇಕು. ಆದರೆ ಅವರಿಗೆ ತಲುಪಿಲ್ಲ. ನನಗೆ ಇದು ನಿಜವಾಗಿ ಬೇಜಾರು. ಒಬ್ಬರು ಕಷ್ಟಪಟ್ಟು ಮಾಡಿದ್ದು ಪಕ್ಕದ ತಾಲೂಕಿನ ಮಕ್ಕಳಿಗೂ ಸಿಗಬೇಕು, ಅಲ್ವಾ?

ಅದಕ್ಕೇ ಎಲ್ಲರೂ ಸೇರಿ ಒಂದು ಗಿಟ್ ರೆಪೊ (ಎಲ್ಲರೂ ತಿದ್ದಬಹುದಾದ, ಪ್ರತಿ ಬದಲಾವಣೆಯ ದಾಖಲೆ ಉಳಿಯುವ ಫೋಲ್ಡರ್) ಕಟ್ಟೋಣ ಅಂತಿದ್ದೇನೆ. ನನ್ನ ತಲೆಯಲ್ಲಿರುವುದು ಹೀಗೆ. ಕನ್ನಡಕ್ಕೆ ಒಂದು ಮಾಡ್ಯೂಲ್ (ಬೇಕಾದವರು ತಮ್ಮ ಕಾನ್ಫಿಗರೇಶನ್ನಿಗೆ ಸೇರಿಸಿಕೊಳ್ಳುವ ಫೈಲ್): ಲೋಹಿತ್ ಮತ್ತು ನೋಟೊ ಫಾಂಟ್, ಟೈಪಿಂಗ್‌ಗೆ ಐಬಸ್ ಜೊತೆ ಎಂ17ಎನ್, ಅದರಲ್ಲಿ ಕಗಪ. ಲ್ಯಾಬಿಗೆ ಒಂದು: ಮಕ್ಕಳು ಬಳಸುವ ಅಕೌಂಟಿನ ಹೋಮ್ ಫೋಲ್ಡರ್ ಟಿಎಂಪಿಎಫ್‌ಎಸ್ ಮೇಲೆ, ಅಂದರೆ ಡಿಸ್ಕ್ ಬದಲು ಮೆಮೊರಿಯಲ್ಲಿ ಇರುತ್ತದೆ, ಮೆಷಿನ್ ಆಫ್ ಆಗಿ ಬಂದರೆ ಎಲ್ಲ ಹೊಸದು. ಕಡಿಮೆ ರ್ಯಾಮ್ ಇರುವ ಮೆಷಿನ್‌ಗೆ ಝಡ್‌ರ್ಯಾಮ್ ಸ್ವಾಪ್ (ರ್ಯಾಮಿನಲ್ಲಿರುವುದನ್ನು ಕುಗ್ಗಿಸಿ ಅಲ್ಲೇ ಇಡುವುದು). ಯುಪಿಎಸ್. ಪ್ರಿಂಟರ್. ಹಳೆಯ ಜನರೇಶನ್‌ಗಳು ಡಿಸ್ಕ್ ತುಂಬದ ಹಾಗೆ ವಾರಕ್ಕೊಮ್ಮೆ ಕಸ ತೆಗೆಯುವುದು.

ಈಗ ನನ್ನ ಪ್ರಶ್ನೆ. ಎಲ್ಲರ ಫೋಲ್ಡರನ್ನೂ ಒಂದೇ ರೆಪೊದಲ್ಲಿ ಸುರಿದು ಆಮೇಲೆ ವಿಂಗಡಿಸುವುದಾ, ಅಥವಾ ಮೊದಲೇ ಆರಿಸಿ ತರುವುದಾ? ಪಾಸ್‌ವರ್ಡ್‌ಗಳನ್ನು ಏನು ಮಾಡುವುದು? ಮುಂದೆ ನೋಡಿಕೊಳ್ಳುವವರು ಯಾರು? ನಾನೊಬ್ಬನೇ ನೋಡಿಕೊಂಡರೆ ಇದು ಮತ್ತೆ ನನ್ನ ಫೋಲ್ಡರ್ ಆಗುತ್ತದೆ, ಅಷ್ಟೇ. ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಹೇಮಾವತಿ ದಂಡೆ, ಹಾಸನ

ಅಯ್ಯನಕೆರೆ ಸರ್, ಇದು ಆಗಲೇಬೇಕಾದ ಕೆಲಸ. ನಾನು ಹಾಸನದಲ್ಲಿ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೇ ಜಾಸ್ತಿ ಬರೆಯುತ್ತೇನೆ. ಅದೊಂದು ಸರಿಯಾದರೆ ಉಳಿದದ್ದು ಸುಲಭ.

ಸುರಿಯಬೇಡಿ. ಆರಿಸಿ ತನ್ನಿ. ನನ್ನ ಅಳತೆ ಒಂದೇ: ಎರಡು ಬೇರೆ ಜಾಗದಲ್ಲಿ, ಇಬ್ಬರು ಬೇರೆ ಜನ ಓಡಿಸುತ್ತಿರುವುದು ಮಾತ್ರ ರೆಪೊಗೆ ಬರಲಿ. ಒಂದೇ ಕಡೆ ಇರುವವರೆಗೆ ಅದರಲ್ಲಿ ಎಲ್ಲರಿಗೂ ಬೇಕಾದದ್ದು ಯಾವುದು, ನಿಮ್ಮ ಲ್ಯಾಬಿಗೆ ಮಾತ್ರ ಸೇರಿದ್ದು ಯಾವುದು ಅಂತ ಹೇಳುವುದಕ್ಕೆ ಆಗುವುದಿಲ್ಲ. ಬರೆದವರಿಗಂತೂ ಅದು ಕಾಣುವುದೇ ಇಲ್ಲ. ನಿಮ್ಮ ಲ್ಯಾಬ್ ಫೈಲಿನಲ್ಲಿ ಮಕ್ಕಳ ಅಕೌಂಟಿನ ಹೆಸರು ನೇರವಾಗಿ ಬರೆದಿರುತ್ತದೆ. ಪ್ರಿಂಟರಿನ ಐಪಿ ವಿಳಾಸ ಇರುತ್ತದೆ. ಡಿಸ್ಕಿನ ಐಡಿ ಕೂಡ ಇರಬಹುದು. ಕಡೂರಿನವರು ಅದನ್ನೇ ತಮ್ಮಲ್ಲಿ ಓಡಿಸುವುದಕ್ಕೆ ಹೊರಟಾಗ ಇವೆಲ್ಲ ಒಂದೊಂದಾಗಿ ಎದ್ದು ಕಾಣುತ್ತವೆ. ಆಗ ಅವುಗಳನ್ನು ಆಪ್ಷನ್ ಆಗಿ ಹೊರಗೆ ತೆಗೆಯಿರಿ. ಎಷ್ಟು ಆಪ್ಷನ್ ಬೇಕು ಅಂತ ಮೊದಲೇ ಕೂತು ಊಹಿಸಬೇಡಿ. ಊಹಿಸಿದರೆ ಯಾರೂ ಮುಟ್ಟದ ಆಪ್ಷನ್‌ಗಳೇ ತುಂಬಿಕೊಳ್ಳುತ್ತವೆ. ಅವನ್ನು ಸಾಕುವುದು ಬೇರೆ.

ಇನ್ನು ಮಾಡ್ಯೂಲ್ ಬರೆಯುವ ರೀತಿ. ಇಂಪೋರ್ಟ್ ಮಾಡಿದ ಮಾತ್ರಕ್ಕೆ ಏನೂ ಆಗಬಾರದು. ಮನೆಗೆ ವೈರಿಂಗ್ ಮಾಡಿದ ಹಾಗೆ, ಸ್ವಿಚ್ ಹಾಕುವ ತನಕ ದೀಪ ಹತ್ತಬಾರದು. ಪ್ರತಿ ಮಾಡ್ಯೂಲಿಗೂ ಒಂದು ಎನೇಬಲ್ ಆಪ್ಷನ್ ಇಡಿ. ಎಂಕೆ-ಎನೇಬಲ್-ಆಪ್ಷನ್ ಬಳಸಿದರೆ ಅದು ತಾನಾಗಿ ಫಾಲ್ಸ್ ಆಗಿರುತ್ತದೆ. ಉಳಿದ ಎಲ್ಲವೂ ಎಂಕೆ-ಇಫ್ ಒಳಗೆ, ಆ ಸ್ವಿಚ್ ಹಾಕಿದರೆ ಮಾತ್ರ ಜಾರಿಗೆ ಬರುವ ಹಾಗೆ.

ಮುಂದಿನದು ಎಂಕೆ-ಡಿಫಾಲ್ಟ್. ನಮ್ಮಂಥ ಹಂಚಿಕೆಯ ರೆಪೊಗೆ ಇದರಷ್ಟು ಮುಖ್ಯವಾದದ್ದು ಬೇರೆ ಇಲ್ಲ. ನಿಕ್ಸ್‌ನಲ್ಲಿ ಆಪ್ಷನ್ನಿಗೆ ಕೊಡುವ ಪ್ರತಿ ಬೆಲೆಗೂ (ವ್ಯಾಲ್ಯೂ) ಒಂದು ಆದ್ಯತೆಯ ಅಂಕಿ ಇರುತ್ತದೆ. ಸುಮ್ನೆ ಬರೆದದ್ದಕ್ಕೆ 100. ಎಂಕೆ-ಡಿಫಾಲ್ಟ್ ಹಾಕಿ ಬರೆದರೆ 1000. ಎಂಕೆ-ಫೋರ್ಸ್ ಹಾಕಿದರೆ 50. ಅಂಕಿ ಚಿಕ್ಕದಾದಷ್ಟೂ ಗಟ್ಟಿ. ನಮ್ಮ ಮಾಡ್ಯೂಲಿನಲ್ಲಿ ಝಡ್‌ರ್ಯಾಮ್ 50 ಪರ್ಸೆಂಟ್ ಅಂತ ಸುಮ್ನೆ ಬರೆದು, ಬೇಲೂರಿನವರು ತಮ್ಮ ಫೈಲಿನಲ್ಲಿ 75 ಅಂತ ಸುಮ್ನೆ ಬರೆದರೆ, ಎರಡೂ 100. ಎರಡು ಬೆಲೆ ಹೊಂದುತ್ತಿಲ್ಲ ಅಂತ ಎರರ್ ಬಂದು ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಆಗ ಅವರು ಎಂಕೆ-ಫೋರ್ಸ್ ಹಾಕುತ್ತಾರೆ. ಹಾಗೆ ನಾಲ್ಕೈದು ಕಡೆ ಹಾಕಬೇಕಾಗಿ ಬಂದರೆ, ನಮ್ಮದೇ ಚೆನ್ನಾಗಿತ್ತು ಅಂತ ಮತ್ತೆ ಪೆನ್‌ಡ್ರೈವ್ ಕಾಪಿಗೆ ಹೋಗುತ್ತಾರೆ. ರೆಪೊದ ಒಳಗಿನ ಬೆಲೆಗಳಿಗೆಲ್ಲ ಎಂಕೆ-ಡಿಫಾಲ್ಟ್ ಹಾಕಿ. ಆಯಾ ಜಾಗದವರು ಸುಮ್ನೆ ಬರೆದದ್ದೇ ಗೆಲ್ಲಬೇಕು.

ಪಟ್ಟಿಗಳ ವಿಷಯ ಬೇರೆ. ಪ್ಯಾಕೇಜ್ ಪಟ್ಟಿ, ಫಾಂಟ್ ಪಟ್ಟಿ ಇವೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಸೇರಿಸುವುದು ಸುಲಭ, ಒಂದನ್ನು ಮಾತ್ರ ತೆಗೆಯುವುದು ಕಷ್ಟ. ಹಾಗಾಗಿ ಲಿಬ್ರೆ ಆಫೀಸ್‌ನಂಥ ದೊಡ್ಡ ಪ್ಯಾಕೇಜನ್ನು ಕನ್ನಡ ಮಾಡ್ಯೂಲಿನ ಪಟ್ಟಿಗೆ ಸೇರಿಸಬೇಡಿ. ಬೇಕಾದರೆ ಅದಕ್ಕೆ ಬೇರೆ ಸ್ವಿಚ್.

ಕೆಲವು ಯಾವತ್ತೂ ಒಳಗೆ ಬರಬಾರದು. ಹಾರ್ಡ್‌ವೇರ್ ಕಾನ್ಫಿಗರೇಶನ್ ಫೈಲ್ ಆಯಾ ಮೆಷಿನ್ನಿನದು. ಲ್ಯಾಪ್‌ಟಾಪ್ ಮಾಡೆಲ್‌ಗಳಿಗೆ ಬೇಕಾದ ತಿದ್ದುಪಡಿಗೆ ನಿಕ್ಸ್‌ಓಎಸ್-ಹಾರ್ಡ್‌ವೇರ್ ಅನ್ನೋ ರೆಪೊ ಆಗಲೇ ಇದೆ. ಥಿಂಕ್‌ಪ್ಯಾಡ್ ಎಕ್ಸ್220, ಟಿ480 ಎಲ್ಲ ಅದರಲ್ಲಿವೆ. ನಾವು ಮತ್ತೆ ಬರೆಯುವ ಅಗತ್ಯ ಇಲ್ಲ. ಸ್ಟೇಟ್-ವರ್ಷನ್ ಕೂಡ ಬೇಡ. ಆ ಮೆಷಿನ್ ಮೊದಲು ಯಾವ ಆವೃತ್ತಿಯಲ್ಲಿ ಇನ್‌ಸ್ಟಾಲ್ ಆಯಿತು ಅನ್ನೋದರ ಗುರುತು ಅದು. ಪೋಸ್ಟ್‌ಗ್ರೆಸ್‌ನಂಥ ಸೇವೆಗಳು ಯಾವ ಆವೃತ್ತಿ ಹಾಕಬೇಕು ಅಂತ ಅದನ್ನು ನೋಡಿ ತೀರ್ಮಾನಿಸುತ್ತವೆ. ಹಂಚಿಕೆಯ ಮಾಡ್ಯೂಲಿನಲ್ಲಿ ಅದನ್ನು ಬರೆದು, ಒಂದು ದಿನ ಯಾರೋ ಬದಲಾಯಿಸಿದರೆ ಸಂಘದ ಕಚೇರಿಯ ಡೇಟಾಬೇಸ್ ಏಳುವುದಿಲ್ಲ.

ಪಾಸ್‌ವರ್ಡ್ ಅಂತೂ ಬೇಡವೇ ಬೇಡ. ರೆಪೊ ಪ್ರೈವೇಟ್ ಆಗಿದ್ದರೂ ಬೇಡ. ಕಾನ್ಫಿಗರೇಶನ್ನಿನಲ್ಲಿ ಬರೆದದ್ದು ನಿಕ್ಸ್ ಸ್ಟೋರ್‌ಗೆ, ಅಂದರೆ ಪ್ಯಾಕೇಜ್‌ಗಳೆಲ್ಲ ಇರುವ ಫೋಲ್ಡರಿಗೆ ಹೋಗುತ್ತದೆ. ಸ್ಟೋರ್ ಅನ್ನು ಆ ಮೆಷಿನ್ನಿನಲ್ಲಿ ಲಾಗಿನ್ ಆದ ಯಾರು ಬೇಕಾದರೂ ಓದಬಹುದು, ಮಕ್ಕಳ ಅಕೌಂಟಿನಿಂದ ಕೂಡ. ಪಾಸ್‌ವರ್ಡ್ ಫೈಲಿಗೆ ಬೀಗ ಹಾಕುವ ಸಾಪ್ಸ್-ನಿಕ್ಸ್ ಅಥವಾ ಏಜ್‌ನಿಕ್ಸ್ ಬಳಸಿ. ಬೀಗ ಹಾಕಿದ ಫೈಲ್ ಆಯಾ ಜಾಗದವರ ಸ್ವಂತ ರೆಪೊದಲ್ಲಿ ಇರಲಿ. ಮೆಷಿನ್ ಅದನ್ನು ತನ್ನ ಎಸ್‌ಎಸ್‌ಎಚ್ ಕೀಯಿಂದಲೇ ಬಿಚ್ಚಿಕೊಳ್ಳಬಹುದು. ನಮ್ಮ ಮಾಡ್ಯೂಲ್ ಪಾಸ್‌ವರ್ಡ್ ಫೈಲ್ ಎಲ್ಲಿದೆ ಅಂತ ದಾರಿ ಕೇಳಲಿ, ಪಾಸ್‌ವರ್ಡ್ ಕೇಳಬಾರದು.

ನೋಡಿಕೊಳ್ಳುವವರ ಬಗ್ಗೆ. ಪ್ರತಿ ಮಾಡ್ಯೂಲಿಗೆ ಒಬ್ಬರ ಹೆಸರು ಬರೆಯಿರಿ. ಅವರು ಅದನ್ನು ತಮ್ಮ ಲ್ಯಾಬಿನಲ್ಲಿ ದಿನವೂ ಓಡಿಸುತ್ತಿರಬೇಕು. ಓಡಿಸುವುದನ್ನು ಬಿಟ್ಟರೆ ಹೆಸರು ತೆಗೆಯಿರಿ. ಬೇರೆ ಯಾರೂ ಬರದಿದ್ದರೆ ಮಾಡ್ಯೂಲನ್ನೂ ತೆಗೆಯಿರಿ. ಇದು ಕಠಿಣ ಅನ್ನಿಸಬಹುದು. ಆದರೆ ನಿಕ್ಸ್‌ಓಎಸ್ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ ಹೊಸ ಆವೃತ್ತಿ ಬಿಡುತ್ತದೆ. ಪ್ರತಿ ಸಲವೂ ಏನಾದರೂ ಹೆಸರು ಬದಲಾಗುತ್ತದೆ. 2024ರ ನವೆಂಬರಿನ 24.11 ಆವೃತ್ತಿಯಲ್ಲಿ ಹಾರ್ಡ್‌ವೇರ್-ಓಪನ್‌ಜಿಎಲ್ ಹೋಗಿ ಹಾರ್ಡ್‌ವೇರ್-ಗ್ರಾಫಿಕ್ಸ್ ಆಯಿತು. ಐಬಸ್ ಚಾಲೂ ಮಾಡುವ ಆಪ್ಷನ್ ಕೂಡ ಬದಲಾಗಿದೆ. ಮೊದಲು ಒಂದೇ ಸಾಲು ಇತ್ತು, ಈಗ ಎನೇಬಲ್ ಬೇರೆ, ಟೈಪ್ ಬೇರೆ. ಇದನ್ನೆಲ್ಲ ಗಮನಿಸುವವರು ಇಲ್ಲದ ಮಾಡ್ಯೂಲ್ ಆರು ತಿಂಗಳಲ್ಲಿ ಎಲ್ಲರ ಬಿಲ್ಡ್ ನಿಲ್ಲಿಸುತ್ತದೆ. ನಮ್ಮದೇ ಆಪ್ಷನ್ ಹೆಸರು ಬದಲಾಯಿಸುವಾಗಲೂ ಎಂಕೆ-ರೀನೇಮ್ಡ್-ಆಪ್ಷನ್-ಮಾಡ್ಯೂಲ್ ಬಳಸಿ. ಹಳೆಯ ಹೆಸರು ಬರೆದವರಿಗೆ ಎಚ್ಚರಿಕೆ ಬರುತ್ತದೆ, ಕೆಲಸ ನಿಲ್ಲುವುದಿಲ್ಲ.

ಟೆಸ್ಟ್ ಬಗ್ಗೆ ಒಂದು ಮಾತು. ನಿಕ್ಸ್‌ಓಎಸ್ ಟೆಸ್ಟ್‌ನಲ್ಲಿ ಕ್ಯೂಎಂಯು ಅನ್ನೋ ವರ್ಚುವಲ್ ಮೆಷಿನ್ ಸಾಫ್ಟ್‌ವೇರ್ ಒಳಗೆ ಇಡೀ ಮೆಷಿನ್ ಏಳುತ್ತದೆ, ಪೈಥಾನ್ ಸ್ಕ್ರಿಪ್ಟ್ ಅದನ್ನು ಪರೀಕ್ಷಿಸುತ್ತದೆ. ಕನ್ನಡ ಮಾಡ್ಯೂಲಿಗೆ ತುಂಬಾ ಸಣ್ಣ ಟೆಸ್ಟ್ ಸಾಕು. ಫಾಂಟ್ ಪಟ್ಟಿ ಕೊಡುವ ಎಫ್‌ಸಿ-ಲಿಸ್ಟ್ ಆಜ್ಞೆಗೆ ಕನ್ನಡ ಭಾಷೆಯ ಫಾಂಟ್ ಯಾವುದಿದೆ ಅಂತ ಕೇಳುವುದು. ಉತ್ತರ ಖಾಲಿ ಬಂದರೆ ಟೆಸ್ಟ್ ಫೇಲ್. ಇಷ್ಟಿದ್ದರೂ ಪರೀಕ್ಷೆಯ ಹಿಂದಿನ ದಿನ ಪರದೆ ತುಂಬ ಚೌಕಗಳು ಕಾಣುವುದು ತಪ್ಪುತ್ತದೆ.

ತೆಂಗಿನಸೀಮೆ, ಅರಸೀಕೆರೆ

ಮೇಡಂ ಹೇಳಿದ್ದು ಸರಿ. ಆದರೂ ನನ್ನದೊಂದು ತಕರಾರು ಇದೆ. ನಾನು ನೋಡಿಕೊಳ್ಳುವ ಕಚೇರಿಗಳಲ್ಲಿ ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಇದೆ. ಅದನ್ನು ಬದಲಾಯಿಸುವ ಹಾಗಿಲ್ಲ. ಎಷ್ಟೋ ಮೆಷಿನ್‌ಗಳನ್ನು ಒಂದೇ ಕಡೆಯಿಂದ ಹೊಂದಿಸುವ ಆನ್ಸಿಬಲ್ ಆಗಿದ್ದರೆ ಎಲ್ಲರಿಗೂ ಆಗುತ್ತಿತ್ತು. ಆ ಕಡೆಯ ಮೆಷಿನ್ನಿನಲ್ಲಿ ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು. ರೋಲ್‌ಗಳನ್ನು, ಅಂದರೆ ಅದರ ಮಾಡ್ಯೂಲಿನಂಥ ತುಂಡುಗಳನ್ನು, ಹಂಚಿಕೊಳ್ಳುವುದಕ್ಕೆ ಗ್ಯಾಲಕ್ಸಿ ಅನ್ನೋ ಜಾಲತಾಣ ಇದೆ. ನಿಕ್ಸ್ ಭಾಷೆ ಕಲಿಯುವುದು ಎಲ್ಲರಿಂದ ಆಗುವ ಕೆಲಸ ಅಲ್ಲ. ಹಳ್ಳಿ ಶಾಲೆಯ ಮೇಷ್ಟ್ರು ಒಂದು ಸಾಲು ತಿದ್ದಬೇಕಾದರೆ ಆನ್ಸಿಬಲ್ ಫೈಲುಗಳ ವೈಎಎಂಎಲ್ ಬರವಣಿಗೆ ಅರ್ಥವಾಗುತ್ತದೆ.

ಹೇಮಾವತಿ ದಂಡೆ, ಹಾಸನ

ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ. ಡೆಬಿಯನ್ ಇರುವಲ್ಲಿ ಆನ್ಸಿಬಲ್ಲೇ ಸರಿ. ನಮ್ಮ ಲ್ಯಾಬಿನಲ್ಲಿ ಅದು ಸಾಲದೆ ಹೋಗಿದ್ದು ಒಂದು ಕಾರಣಕ್ಕೆ. ಆನ್ಸಿಬಲ್‌ನ ಕೆಲಸಗಳ ಪಟ್ಟಿಯಾದ ಪ್ಲೇಬುಕ್‌ನಿಂದ ಒಂದು ಸಾಲು ತೆಗೆದರೆ, ಆ ಸಾಲು ಮೊದಲು ಮಾಡಿದ್ದ ಕೆಲಸ ಮೆಷಿನ್ನಿನಿಂದ ಹೋಗುವುದಿಲ್ಲ. ಅದನ್ನು ತೆಗೆಯುವುದಕ್ಕೂ ಬೇರೆ ಕೆಲಸ ಬರೆಯಬೇಕು. ನಿಕ್ಸ್‌ನಲ್ಲಿ ಪ್ಯಾಕೇಜ್, ಸರ್ವಿಸ್‌ನಂಥವು ಸಾಲು ಹೋದರೆ ತಾವೂ ಹೋಗುತ್ತವೆ. ಮಕ್ಕಳು ಬಂದು ಹೋಗುವ ಲ್ಯಾಬಿಗೆ ಅದು ದೊಡ್ಡ ನೆಮ್ಮದಿ.

ನಿಮ್ಮಂಥವರಿಗೂ ಉಪಯೋಗ ಆಗಬೇಕು ಅನ್ನೋದು ಸರಿಯಾದ ಮಾತು. ಮಾಡ್ಯೂಲ್ ಜೊತೆ ಇರುವ ವಿವರದಲ್ಲಿ, ಇದು ಯಾಕೆ ಹೀಗೆ, ಡೆಬಿಯನ್‌ನಲ್ಲಿ ಇದಕ್ಕೆ ಏನು ಹಾಕಬೇಕು ಅಂತ ಬರೆಯೋಣ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿಯೇ ಸಿಗುತ್ತವೆ. ಐಬಸ್-ಎಂ17ಎನ್ ಕೂಡ ಇದೆ. ಆ ಭಾಗವನ್ನು ನೀವು ಬರೆದುಕೊಟ್ಟರೆ ಬಹಳ ಸಹಾಯ.

ಜೋರುಮಳೆ, ಮೂಡಿಗೆರೆ

ಇಲ್ಲಿಯವರೆಗೆ ಯಾರೂ ನೆಟ್ ಬಗ್ಗೆ ಮಾತಾಡಿಲ್ಲ. ನಮ್ಮ ಕಡೆ ಜೂನ್ ಬಂತು ಅಂದರೆ ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದು ಲ್ಯಾಬಿನ ಎಲ್ಲ ಮೆಷಿನ್‌ಗಳೂ ಒಂದೇ ಫೈಲುಗಳನ್ನು ಬೇರೆ ಬೇರೆಯಾಗಿ ಇಳಿಸಿಕೊಳ್ಳುವುದು ಇಲ್ಲಿ ಆಗದ ಮಾತು. ಹಾಗಾಗಿ ನಾನು ಒಂದು ಮೆಷಿನ್ನಿನಲ್ಲಿ ಹಾರ್ಮೋನಿಯಾ ಅನ್ನೋ ಕ್ಯಾಶ್ ಸರ್ವರ್ (ಇಳಿಸಿದ ಪ್ಯಾಕೇಜ್‌ಗಳನ್ನು ಉಳಿದ ಮೆಷಿನ್‌ಗಳಿಗೆ ಹಂಚುವುದು) ಓಡಿಸುತ್ತೇನೆ. ಉಳಿದವು ಲ್ಯಾಬಿನ ಕೇಬಲ್ ಮೇಲೆ ಅದರಿಂದಲೇ ತೆಗೆದುಕೊಳ್ಳುತ್ತವೆ. ನೆಟ್ ಪೂರ್ತಿ ಹೋದರೆ ನಿಕ್ಸ್ ಕಾಪಿ ಆಜ್ಞೆಯಿಂದ ಪೆನ್‌ಡ್ರೈವ್ ಮೇಲೇ ಕ್ಯಾಶ್ ಮಾಡಿಕೊಂಡು ಬರುತ್ತೇನೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪೆನ್‌ಡ್ರೈವನ್ನು ಬೈಯಬೇಡಿ, ಕಾನ್ಫಿಗರೇಶನ್ ಕಾಪಿ ಮಾಡುವುದಕ್ಕೆ ಬಳಸಬೇಡಿ ಅಷ್ಟೇ.

ಇದರಿಂದ ನನ್ನದೊಂದು ಬೇಡಿಕೆ ಇದೆ. ಕ್ಯಾಶ್ ಉಪಯೋಗಕ್ಕೆ ಬರುವುದು ಎಲ್ಲರೂ ನಿಕ್ಸ್‌ಪ್ಯಾಕೇಜಸ್‌ನ (ನಿಕ್ಸ್‌ನ ಪ್ಯಾಕೇಜ್‌ಗಳ ರೆಪೊ) ಒಂದೇ ಕಮಿಟ್, ಅಂದರೆ ಒಂದೇ ಹಂತದ ಪ್ರತಿ, ಮೇಲೆ ಇದ್ದರೆ ಮಾತ್ರ. ನಾನು ಮೂಡಿಗೆರೆಯಲ್ಲಿ ಇಳಿಸಿ ಇಟ್ಟಿದ್ದನ್ನು ಸಕಲೇಶಪುರದವರಿಗೆ ಕೊಡಬೇಕಾದರೆ ಆ ಕಮಿಟ್ ಬರೆದಿಡುವ ಲಾಕ್ ಫೈಲ್ ಇಬ್ಬರದೂ ಒಂದೇ ಇರಬೇಕು. ಬೇರೆ ಇದ್ದರೆ ಹೆಸರು ಒಂದೇ ಆದರೂ ಹ್ಯಾಶ್ ಬೇರೆ, ಮತ್ತೆ ಇಳಿಸಬೇಕು. ಹಾಗಾಗಿ ರೆಪೊದಲ್ಲೇ ಕಮಿಟ್ ಗಟ್ಟಿ ಮಾಡಿ.

ಇನ್ನೊಂದು. ಕ್ಯಾಶ್‌ಗೆ ಸಹಿ ಹಾಕುವ ಕೀ ಯಾರ ಹತ್ತಿರ ಇದೆಯೋ ಅವರು ನಮ್ಮೆಲ್ಲರ ಮೆಷಿನ್ನಿನಲ್ಲಿ ಏನು ಬೇಕಾದರೂ ಕೂರಿಸಬಹುದು. ನನ್ನ ಕೀ ನಮ್ಮ ಲ್ಯಾಬಿಗೆ ಮಾತ್ರ. ರೆಪೊ ಒಂದೇ ಇರಲಿ, ಕೀ ಆಯಾ ಲ್ಯಾಬಿನದೇ ಇರಲಿ.

ಹೇಮಾವತಿ ದಂಡೆ, ಹಾಸನ

ಕೀ ವಿಷಯ ನೂರಕ್ಕೆ ನೂರು ಸರಿ. ಕಮಿಟ್ ವಿಷಯದಲ್ಲಿ ಮಾತ್ರ ಸ್ವಲ್ಪ ಬೇರೆ ಹೇಳುತ್ತೇನೆ. ಮಾಡ್ಯೂಲ್ ರೆಪೊ ತನ್ನದೇ ನಿಕ್ಸ್‌ಪ್ಯಾಕೇಜಸ್ ಹೊತ್ತು ತಂದರೆ, ಬಳಸುವವರ ಹತ್ತಿರ ಎರಡು ಪ್ರತಿ ಆಗುತ್ತದೆ. ಮಾಡ್ಯೂಲ್ ಬಳಸುವವರ ನಿಕ್ಸ್‌ಪ್ಯಾಕೇಜಸ್ ಮೇಲೇ ಓಡಲಿ. ಅದರ ಜೊತೆಗೆ, ಈ ತಿಂಗಳು ನಾವು ಟೆಸ್ಟ್ ಓಡಿಸಿದ್ದು ಈ ಕಮಿಟ್ ಮೇಲೆ ಅಂತ ರೆಪೊದಲ್ಲಿ ಒಂದು ಸಾಲು ಬರೆಯೋಣ. ಬೇಕಾದವರು ತಮ್ಮ ಫ್ಲೇಕ್‌ನಲ್ಲಿ (ಯಾವ ರೆಪೊ, ಯಾವ ಕಮಿಟ್ ಅಂತ ಹೇಳುವ ನಿಕ್ಸ್ ಫೈಲ್) ಅದನ್ನೇ ಇಟ್ಟುಕೊಂಡರೆ ನಿಮ್ಮ ಪೆನ್‌ಡ್ರೈವ್ ಎಲ್ಲರಿಗೂ ಆಗುತ್ತದೆ. ಮಳೆಗಾಲ ಶುರುವಾಗುವ ಮೊದಲು ಮೇ ತಿಂಗಳಲ್ಲಿ ಒಂದು ಕಮಿಟ್ ಆರಿಸಿ ಗಟ್ಟಿ ಮಾಡೋಣ. ಮಳೆ ಮುಗಿಯುವವರೆಗೆ ಭದ್ರತೆಯ ಅಪ್‌ಡೇಟ್, ಮೇ ಆವೃತ್ತಿಗೆ ಹೋಗುವುದು, ಇವೆರಡು ಬಿಟ್ಟು ಬೇರೆ ಏನೂ ಬೇಡ. ಆ ಹೊಸ ಆವೃತ್ತಿಗೂ ಬಂದ ತಕ್ಷಣ ಹಾರಬೇಡಿ. ಹಳೆಯದಕ್ಕೆ ಬೆಂಬಲ ಹೊಸದು ಬಂದ ಮೇಲೆ ಒಂದು ತಿಂಗಳು ಮಾತ್ರ ಇರುತ್ತದೆ, ಆ ತಿಂಗಳಲ್ಲೇ ಒಂದು ಲ್ಯಾಬಿನಲ್ಲಿ ಹೊಸದನ್ನು ಓಡಿಸಿ ನೋಡಿ ಆಮೇಲೆ ಎಲ್ಲರೂ ಹೋಗೋಣ.

ಜೋರುಮಳೆ, ಮೂಡಿಗೆರೆ

ಹಾಗಾದರೆ ಆಯಿತು. ಆ ಒಂದು ಲ್ಯಾಬ್ ನಮ್ಮದು ಬೇಡ. ಹಾಸನದಲ್ಲಿ ನೆಟ್ ಚೆನ್ನಾಗಿದೆ, ನೀವೇ ಮಾಡಿ ಮೇಡಂ.

ಅಯ್ಯನಕೆರೆ, ಚಿಕ್ಕಮಗಳೂರು

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಜಾಗದ ಅಳತೆ ಇಟ್ಟು ನೋಡಿದಾಗ ನನ್ನ ದೊಡ್ಡ ಪಟ್ಟಿ ಚಿಕ್ಕದಾಯಿತು. ಕನ್ನಡ ಮಾಡ್ಯೂಲ್ ಎಲ್ಲರ ಹತ್ತಿರ ಇದೆ. ಮಕ್ಕಳ ಅಕೌಂಟ್ ನನ್ನಲ್ಲೂ ಕಡೂರಿನಲ್ಲೂ ಇದೆ. ಮೊದಲು ಈ ಎರಡೇ ಬರಲಿ. ಯುಪಿಎಸ್ ಸದ್ಯ ಸಕಲೇಶಪುರದಲ್ಲಿ ಮಾತ್ರ ಇದೆ. ಬೇಲೂರಿನ ಶಾಲೆಯಲ್ಲಿ ಹಾಕಿ ನೋಡಿದ ಮೇಲೆ ಮೂರನೆಯದಾಗಿ ಬರುತ್ತದೆ. ಪ್ರಿಂಟರ್ ಕೈಬಿಟ್ಟಿದ್ದೇನೆ. ನನ್ನ ಆಫೀಸುಗಳಲ್ಲೇ ಒಂದಕ್ಕೊಂದು ಹೊಂದುವುದಿಲ್ಲ. ನೋಡಿಕೊಳ್ಳುವುದು ಹೀಗೆ: ಕನ್ನಡ ಕಡೂರಿನವರು, ಮಕ್ಕಳ ಅಕೌಂಟ್ ನಾನು, ಯುಪಿಎಸ್ ಸಕಲೇಶಪುರದವರು. ಮೂವರೂ ಒಪ್ಪಿದ್ದಾರೆ. ಲೈಸೆನ್ಸ್ ಎಂಐಟಿ ಇರಲಿ. ನಿಕ್ಸ್‌ಪ್ಯಾಕೇಜಸ್ ಕೂಡ ಅದೇ, ಒಳ್ಳೆಯ ಮಾಡ್ಯೂಲ್ ಆದರೆ ಮುಂದೆ ಅಲ್ಲಿಗೇ ಕಳಿಸಬಹುದು.

ಒಂದು ವಿಷಯದಲ್ಲಿ ನನಗೆ ತುಂಬಾ ಆಸೆ ಇದೆ. ಆಪ್ಷನ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಆದರೆ ಪ್ರತಿ ಆಪ್ಷನ್ನಿನ ವಿವರಣೆ ಕನ್ನಡದಲ್ಲಿ ಬರೆಯೋಣ. ಅದು ಬರೀ ಪಠ್ಯ, ಯಾವ ಭಾಷೆಯಾದರೂ ಆಗುತ್ತದೆ. ಆಪ್ಷನ್‌ಗಳ ವಿವರಣೆ ಒಟ್ಟುಮಾಡುವ ನಿಕ್ಸ್‌ಓಎಸ್-ಆಪ್ಷನ್ಸ್-ಡಾಕ್ ಓಡಿಸಿದರೆ ಎಲ್ಲ ಸೇರಿ ಒಂದು ಕೈಪಿಡಿ ತಾನೇ ಆಗುತ್ತದೆ. ಅದನ್ನು ಪ್ರಿಂಟ್ ಮಾಡಿ ಲ್ಯಾಬಿನ ಗೋಡೆಗೆ ಹಾಕಬಹುದು. ಅರಸೀಕೆರೆಯ ಅಣ್ಣ ಕೇಳಿದ ಹಾಗೆ ಮೇಷ್ಟ್ರು ಓದಿ ಒಂದು ಸಾಲು ತಿದ್ದುವುದಕ್ಕೂ ಆಗುತ್ತದೆ. ಡೆಬಿಯನ್ ಟಿಪ್ಪಣಿಯೂ ಅದರ ಜೊತೆಗೇ ಬರಲಿ, ದಯವಿಟ್ಟು ಬರೆದುಕೊಡಿ.

ಯುಪಿಎಸ್ ವಿಷಯದಲ್ಲಿ ಎಲ್ಲರಿಂದ ಒಂದು ಸಹಾಯ ಬೇಕು. ಸಕಲೇಶಪುರದವರು ಯುಪಿಎಸ್ ಮೇಲೆ ಕಣ್ಣಿಡುವ ನಟ್ ಅನ್ನೋ ಸಾಫ್ಟ್‌ವೇರ್ ಬಳಸಿದ್ದಾರೆ. ಯುಪಿಎಸ್‌ಗೆ ತಂತಿ ಹಾಕಿದ ಒಂದು ಮೆಷಿನ್ ಬ್ಯಾಟರಿ ನೋಡುತ್ತಿರುತ್ತದೆ, 3493 ಪೋರ್ಟ್ ಮೇಲೆ ಉಳಿದ ಮೆಷಿನ್‌ಗಳಿಗೆ ತಿಳಿಸುತ್ತದೆ. ಅವರ ಯುಪಿಎಸ್‌ಗೆ ಯುಎಸ್‌ಬಿಎಚ್‌ಐಡಿ-ಯುಪಿಎಸ್ ಡ್ರೈವರ್ ಸಾಕು. ನಮ್ಮ ಶಾಲೆಗಳಲ್ಲಿ ಇರುವ ಕಡಿಮೆ ಬೆಲೆಯವಕ್ಕೆ ನಟ್‌ಡಿಆರ್‌ವಿ-ಕ್ಯೂಎಕ್ಸ್ ಬೇಕಾಗಬಹುದು. ಕೆಲವಕ್ಕಂತೂ ಯುಎಸ್‌ಬಿ ಕಿಂಡಿಯೇ ಇಲ್ಲ, ಅವನ್ನು ಬಿಡೋಣ. ನಿಮ್ಮ ಲ್ಯಾಬಿನಲ್ಲಿ ಯುಎಸ್‌ಬಿ ಇರುವ ಯುಪಿಎಸ್ ಇದ್ದರೆ ತಂತಿ ಹಾಕಿ, ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಆಜ್ಞೆ ಓಡಿಸಿ, ಯುಪಿಎಸ್ ಇರುವ ಸಾಲನ್ನು ಇಲ್ಲಿ ಹಾಕಿ. ಜೊತೆಗೆ ಮಾಡೆಲ್ ಹೆಸರು. ಯಾವುದಕ್ಕೆ ಯಾವ ಡ್ರೈವರ್ ಅಂತ ನಾನು ಕೂತು ಜೋಡಿಸುತ್ತೇನೆ.